ನಾನು ಹೆಕ್ಕಿಕೊಂಡ ಸನ್ನೆಗಳು

ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದಾಗ ಅವಳಿಗೆ ಎರಡು ವರ್ಷ. ಗಂಡ ದುಬೈಯಲ್ಲಿದ್ದರು. ಮುಂದೆ ಅವಳನ್ನು ಸೇರಿಸಿದ ಕಿವುಡ ಮಕ್ಕಳ ಶಾಲೆಯಲ್ಲಿ ತಿಂಗಳಿಗೊಂದು ಶನಿವಾರ ತಾಯಂದಿರಿಗೂ ಸನ್ನೆ ಭಾಷೆ ಕಲಿಸುತ್ತಿದ್ದರು. ನಮ್ಮೂರು ಪೆರಾಬೆಯಿಂದ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆ.

ಊಟ, ಸ್ನಾನ, ಜ್ವರ, ಬಸ್ಸು, ಬೇಗ, ಬೇಡ ಇವೆಲ್ಲ ಒಂದೇ ದಿನಕ್ಕೆ ಕೈಗೆ ಬಂದವು. ಮನೆಯಲ್ಲಿ ಮಾಡಿ ತೋರಿಸಿದರೆ ಅವಳು ಕೂಡಲೇ ಎದ್ದು ಬರುತ್ತಿದ್ದಳು. ಆ ಖುಷಿಗೇ ಅವು ಗಟ್ಟಿಯಾದವು. ನಾಚಿಕೆ, ಯಾಕೆ, ಒಂದು ವೇಳೆ ಎಂಬುದನ್ನೂ ಟೀಚರು ಮಾಡಿ ತೋರಿಸಿದ್ದರು. ನೋಡಿದೆ, ಬಿಟ್ಟೆ.

"ನಿಮಗೆ ಬೇಕಾದ್ದು ಮಾತ್ರ ಹೆಕ್ಕುದು ಬೇಡ. ಅವಳಿಗೆ ಬೇಕಾದ್ದೂ ಉಂಟಲ್ಲ?" ಎಂದರು.

"ನಮಗೆ ಅಷ್ಟು ಸಾಕು ಟೀಚರೆ."

ಬ್ಯಾರಿ, ತುಳು, ಕನ್ನಡ, ಮಲಯಾಳ ನಾಲ್ಕೂ ಬರುವವಳು ನಾನು. ಐದನೆಯದಕ್ಕೆ ಸೋಮಾರಿಯಾದೆ.

ದೊಡ್ಡವಳಾಗಿ ಅವಳು ಪುತ್ತೂರಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು. ಸಂಜೆ ಅಡುಗೆಮನೆಗೆ ಬಂದು ಕೈಯಾಡಿಸುತ್ತ ಏನೇನೋ ಹೇಳುವಳು. ನಡುವೆ ಬಸ್ಸು, ಊಟ ಎಂದು ಕಂಡರೆ ಸಾಕು, ಉಳಿದದ್ದನ್ನು ನಾನೇ ತುಂಬಿಸಿಕೊಂಡು ತಲೆಯಾಡಿಸುತ್ತಿದ್ದೆ.

ಕಳೆದ ವರ್ಷ ಒಂದು ಭಾನುವಾರ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಕಣ್ಣು ಬಾತಿತ್ತು. ಜ್ವರವಾ ಎಂದು ಕೈಯಲ್ಲಿ ಕೇಳಿದೆ. ಎದ್ದು ಕುಳಿತು ಬಹಳ ಹೊತ್ತು ಹೇಳಿದಳು. ಅರ್ಥವಾಗಲಿಲ್ಲ. ಬರೆ ಎಂದು ಪೆನ್ನು ಕೊಟ್ಟೆ. ಅವಳ ಕನ್ನಡ ಅಷ್ಟಕ್ಕಷ್ಟೆ. "ಅವನು ಇಲ್ಲ" ಎಂದು ಬರೆದಳು. ಯಾರೋ ಸತ್ತರೆಂದು ಹೆದರಿ ಹಳೆಯ ಟೀಚರಿಗೆ ವಿಡಿಯೋ ಕಾಲ್ ಮಾಡಿದೆ.

ಮಗಳ ಕೈಗಳನ್ನೇ ನೋಡಿ ಮುಗಿಸಿ ಅವರು ಹೇಳಿದರು: "ಸುಳ್ಯದ ಹುಡುಗ. ಅವನಿಗೂ ಕಿವಿ ಕೇಳುದಿಲ್ಲ. ಮದುವೆ ಆಗುವ ಅಂತ ಇದ್ದರಂತೆ. ಅವನ ಮನೆಯವರು ಬೇರೆ ಕಡೆ ನಿಶ್ಚಯ ಮಾಡಿದ್ದಾರೆ."

"ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ಅವಳು?"

"ಮೂರು ವರ್ಷದಿಂದ ನಿಮ್ಮ ಹತ್ರವೇ ಹೇಳ್ತಿದ್ದಾಳಂತೆ. ಅವನ ಮನೆಗೆ ಹೋಗಿ ಮಾತಾಡಿ ಅಂತ ಕೇಳಿದ್ದಾಳೆ. ನೀವು ತಲೆ ಆಡಿಸಿದ್ರಂತೆ."



ಅಂದು ಬಿಟ್ಟ ಸನ್ನೆಗಳನ್ನು ಈಗ ಮೊಬೈಲಿನಲ್ಲಿ ನೋಡಿ ಕಲಿಯುತ್ತಿದ್ದೇನೆ. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಮೊನ್ನೆ, ಅವನ ನೆನಪಾಗುತ್ತದಾ ಎಂದು ತಡವರಿಸುತ್ತ ಕೇಳಿದೆ. ಮಗಳು ನನ್ನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು. ತಪ್ಪು ತಿದ್ದಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗೆಳತಿಗೆ ವಿಡಿಯೋ ಕಾಲ್ ಮಾಡಿದಳು.