ಸರಿ ಅಂದರೆ ಸಾಲದು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ನಾಲ್ಕು ಅಂತಸ್ತಿನ ಕಟ್ಟಡವೊಂದರ ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಗೋಡೆಗೆ ಬಿಗಿದ ಉಕ್ಕಿನ ಹಳಿಗೆ ಗ್ರೀಸ್ ಸವರುತ್ತಿದ್ದಳು. ಹನ್ನೊಂದು ವರ್ಷದಿಂದ ಮೂಗಿಗೆ ಒಗ್ಗಿದ ವಾಸನೆ ಅದು. ಅಂದು ಮಾತ್ರ ಗಂಟಲಿಗೆ ಬಂದು ನಿಂತಿತು. ಗ್ರೀಸಿನ ವಾಸನೆಗೆ ಅವಳ ಹೊಟ್ಟೆ ತೊಳಸಿದ್ದು ಅದಕ್ಕೂ ಮುಂಚೆ ಎರಡೇ ಸಲ. ಆ ಎರಡು ಸಲದ ಫಲಗಳಲ್ಲಿ ಒಂದು ಈಗ ಮೂರನೇ ತರಗತಿಯಲ್ಲಿತ್ತು, ಇನ್ನೊಂದು ಮನೆಯಲ್ಲಿ ಅಜ್ಜಿಯ ಕನ್ನಡಕ ಬಚ್ಚಿಡುತ್ತಿತ್ತು.

ಅವಳು ಕೈಚಾಚಿ ಲಿಫ್ಟ್ ತಡೆಯುವ ಕೆಂಪು ಗುಂಡಿ ಒತ್ತಿದಳು. ಅದು ನಿಂತೇ ಇತ್ತು. ಆದರೂ ಒತ್ತಿದಳು.

"ಕೆಳಗಾ?" ಎಂದು ಮೇಲಿನ ಯಂತ್ರದ ಕೋಣೆಯಿಂದ ಮೀಸೆ ಕೇಳಿದರು. ಮೀಸೆ ಎಂದರೆ ಅವಳ ಜೊತೆ ಕೆಲಸ ಮಾಡುವ ಹಿರಿಯರು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಬೆಳೆಯುತ್ತಲೇ ಇತ್ತು.

ಅವಳು ಉತ್ತರ ಕೊಡಲಿಲ್ಲ. ಮೀಸೆ ಎರಡನೇ ಸಲ ಕೇಳಲಿಲ್ಲ, ಯಂತ್ರವನ್ನೂ ಮುಟ್ಟಲಿಲ್ಲ. ಕೊನೆಗೆ ಅವಳು ಗುಂಡಿ ಬಿಡಿಸಿ, "ಕೆಳಗೆ" ಎಂದಳು.

"ಕೆಳಗೆ" ಎಂದರು ಮೀಸೆ. ಆಮೇಲಷ್ಟೇ ಲಿಫ್ಟ್ ಅಲ್ಲಾಡಿತು.

ಅದು ಅವರ ಕಸುಬಿನ ಕಟ್ಟಳೆ. ಲಿಫ್ಟಿನ ಮೇಲೆ ನಿಂತವರು ಹೇಳಿದ ಮಾತನ್ನು ಯಂತ್ರದ ಕೋಣೆಯಲ್ಲಿ ಇರುವವರು ಅದೇ ಮಾತಿನಲ್ಲಿ ತಿರುಗಿ ಹೇಳಬೇಕು, ನಂತರ ಕೈ ಆಡಿಸಬೇಕು. ತಿರುಗಿ ಹೇಳುವಾಗ ಒಂದು ಪದ ಮಾತ್ರ ಬಾಯಿಗೆ ಬರಕೂಡದು: ಸರಿ. 'ಸರಿ' ಅಂದವನು ಏನನ್ನು ಕೇಳಿಸಿಕೊಂಡ ಎಂಬುದು ಗೊತ್ತಾಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಂತ್ರದ ಕೋಣೆಯಲ್ಲಿದ್ದ ಅವಳು ಒಮ್ಮೆ ಬಾಯಿತಪ್ಪಿ 'ಸರಿ' ಅಂದಿದ್ದಳು. ಲಿಫ್ಟಿನ ಮೇಲಿದ್ದ ಮೀಸೆ ಮೆಟ್ಟಿಲು ಹತ್ತಿ ಬಂದು ಅವಳ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಿದ್ದರು. "ಇವತ್ತು ಮನೆಗೆ ಹೋಗಮ್ಮ. ನೀನು ಸರಿ ಅಂದೆ, ನಾನು ಮೇಲೆ ಅಂದಿದ್ನೋ ಕೆಳಗೆ ಅಂದಿದ್ನೋ? ನನ್ನ ತಲೆ ಒಂದೇ ಇರೋದು."

ಈಗ ಆ ಮಾತು ಅವಳಿಗೆ ನೆನಪಾಗಲು ಕಾರಣ ಎರಡನೇ ಹೆರಿಗೆ.

ಮೊದಲನೆಯದು ಹಗಲೂ ರಾತ್ರಿ ಎಳೆದಾಡಿತ್ತು, ಆದರೂ ಮುಗಿದಿತ್ತು. ಎರಡನೆಯದು ಸಲೀಸಾಗಿ ಆಯಿತು. ಮಗು ಅತ್ತಿತು, ಎಲ್ಲರೂ ಮಗುವಿನ ಕಡೆ ತಿರುಗಿದರು. ಆಗ ಅವಳಿಗೆ ಕಾಲುಗಳ ನಡುವೆ ಬಿಸಿಯಾಗಿ ಏನೋ ಹರಿಯುವುದು ತಿಳಿಯಿತು. ಹೇಳಿದಳು. "ಸರಿ ಸರಿ, ಸುಮ್ನೆ ಮಲಗಿ, ಹೆರಿಗೆ ಅಂದ್ರೆ ಹಾಗೇನೇ" ಎಂದು ಯಾರೋ ಬೆನ್ನು ತೋರಿಸಿಯೇ ಅಂದರು. ಮತ್ತೊಮ್ಮೆ ಹೇಳಿದಳು. ಮತ್ತೊಂದು 'ಸರಿ' ಬಂತು. ಮೂರನೇ ಸಲ ಹೇಳಲು ತುಟಿ ಏಳಲಿಲ್ಲ. ಎಚ್ಚರವಾದಾಗ ಬೇರೆ ಯಾರದೋ ರಕ್ತ ಅವಳ ತೋಳಿಗೆ ಇಳಿಯುತ್ತಿತ್ತು. ಕನ್ನಡಕಕ್ಕೆ ಗಾಜು ಉಜ್ಜುವ ಗಂಡ ಕಾಲ ಬಳಿ ಕೂತು, ಬಾಯಿ ಬಾರದವನಂತೆ ಅವಳ ಹೆಬ್ಬೆರಳು ಹಿಡಿದುಕೊಂಡಿದ್ದ.

ಈ ಮೂರನೆಯದು ಇಬ್ಬರೂ ಬೇಕೆಂದೇ ಬಯಸಿದ್ದು. ಬೇಕು ಎನ್ನುವುದೂ ಭಯ ಎನ್ನುವುದೂ ಒಂದೇ ಹೊಟ್ಟೆಯಲ್ಲಿ ಇರಬಹುದು ಎಂದು ಯಾರಿಗೂ ವಿವರಿಸಲಾಗುತ್ತಿರಲಿಲ್ಲ, ಅಷ್ಟೇ.

"ಮೂರನೇದು ತಾನಾಗೇ ಜಾರ್ಕೊಂಡು ಬರುತ್ತೆ ಬಿಡೇ" ಎಂದರು ಅತ್ತೆ, ಬಟ್ಟೆ ಮಡಿಸುತ್ತ. ಐದು ಹೆತ್ತವರು. ಅವರ ದನಿ ಮೂರು ಬೀದಿಗೆ ಕೇಳುತ್ತಿತ್ತು, ನಾಲ್ಕನೆಯದಕ್ಕೆ ಸುದ್ದಿ ತಾನಾಗಿ ತಲುಪುತ್ತಿತ್ತು. "ಧೈರ್ಯ ತಗೋ. ಹೆದರಿದೋರ ಮೇಲೆ ಹಾವು ಎಸೆದ ಹಾಗೆ ಆಗ್ಬಾರ್ದು."

"ಹಾವು ಆಗಲೇ ಒಂದ್ಸಲ ಕಚ್ಚಿದೆ ಅತ್ತೆ. ಅದು ಹಗ್ಗ ಅಂತ ಹೇಳ್ಬೇಡಿ."

"ಈಗೇನು, ಒಂಬತ್ತು ತಿಂಗಳೂ ಮುಖ ಊದಿಸ್ಕೊಂಡೇ ಇರ್ತೀಯಾ?"

"ಊದೋದು ಹೇಗಿದ್ರೂ ಊದುತ್ತೆ. ಆದ್ರೆ ಧೈರ್ಯ ತಗೋ ಅಂತ ಇನ್ನೊಬ್ರು ಅಂದ್ರೆ ನಾನು ಸುಮ್ನಿರಲ್ಲ. ಧೈರ್ಯ ತಗೊಂಡು ಏನು ಮಾಡ್ಲಿ? ರಕ್ತ ತರಿಸಿ ಇಟ್ಟಿರ್ತೀವಿ ಅನ್ನಿ."

ಅತ್ತೆ ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದರು. "ಬಾಯಿ ಮಾತ್ರ ನನ್ನದೇ ಬಂದಿದೆ ಇದಕ್ಕೆ" ಎಂದು ಗೋಡೆಗೆ ಹೇಳಿದರು.

ಅವಳಿಗೆ ರಾತ್ರಿ ನಿದ್ದೆ ಹಾರುತ್ತಿತ್ತು, ಆಸ್ಪತ್ರೆಯ ಬೀದಿ ಬಂದರೆ ಬಸ್ಸಿನಲ್ಲಿ ಆಚೆ ಬದಿಗೆ ತಿರುಗಿ ಕೂರುತ್ತಿದ್ದಳು. ಆದರೆ ಭಯವನ್ನು ಕಿತ್ತು ಬಿಸಾಡಬೇಕು ಅಂತ ಅವಳಿಗೆ ಅನ್ನಿಸಲಿಲ್ಲ. ಪ್ರತಿ ಲಿಫ್ಟಿನ ಅಡಿಯಲ್ಲೂ ಒಂದು ಹಿಡಿತ ಇರುತ್ತದೆ, ವೇಗ ಮಿತಿ ಮೀರಿದರೆ ಹಳಿಯನ್ನು ಕಚ್ಚಿ ನಿಲ್ಲಿಸುತ್ತದೆ. ಅದು ವರ್ಷಗಟ್ಟಲೆ ಸುಮ್ಮನೇ ಇರುತ್ತದೆಂದು ಯಾರೂ ಬಿಚ್ಚಿಡುವುದಿಲ್ಲ. ಬಿಚ್ಚಿಡುವವನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ ಇಲ್ಲ.

ಮೀಸೆ ಅವಳನ್ನು ಲಿಫ್ಟಿನ ಮೇಲಿಂದ ಇಳಿಸಿ ಕಾರ್ಖಾನೆಯ ಮೇಜಿಗೆ ಹಾಕಿದರು, ಬಾಗಿಲ ಬೀಗಗಳ ರಿಪೇರಿಗೆ. "ಎಷ್ಟು ಜನಕ್ಕೆ ಮಂಜೂರಾಗಿದೆ?" ಎಂದು ಹೊಟ್ಟೆ ನೋಡಿ, ಲಿಫ್ಟಿನ ಬಗ್ಗೆ ಕೇಳುವ ಹಾಗೆ ಕೇಳುತ್ತಿದ್ದರು.

"ಸದ್ಯಕ್ಕೆ ಒಬ್ಬರಿಗೆ. ನಿಮ್ಮನ್ನ ಹತ್ತಿಸ್ಕೊಳ್ಳಲ್ಲ."

ತಿಂಗಳು ತುಂಬುತ್ತ ಬಂದಾಗ ಅವಳು ಆಸ್ಪತ್ರೆಯ ಹೆರಿಗೆ ವಿಭಾಗದ ಹಿರಿಯ ನರ್ಸಿನ ಮುಂದೆ ಕೂತಳು. ಪಕ್ಕದಲ್ಲಿ ಅತ್ತೆ. ನರ್ಸ್ ಹಳೆಯ ಹೆರಿಗೆಗಳ ಬಗ್ಗೆ ಕೇಳಿ, ಕೊನೆಗೆ ಪೆನ್ನು ಕೆಳಗಿಟ್ಟು ವಿಚಾರಿಸಿದರು: "ಭಯ ಎಷ್ಟಿದೆ? ಏನೂ ಇಲ್ಲ ಅಂದ್ರೆ ಸೊನ್ನೆ. ತಡೆಯೋಕೇ ಆಗಲ್ಲ ಅಂದ್ರೆ ಹತ್ತು."

ಅವಳು ಯೋಚಿಸಿದಳು. "ಆರೂಕಾಲು."

"ಇದರಲ್ಲಿ ಕಾಲು ಅರ್ಧ ಎಲ್ಲ ಇಲ್ಲಮ್ಮ. ಆರೋ ಏಳೋ ಹೇಳಿ."

"ಹತ್ತು ಅಂದ್ರೆ ಇವಳು ಹೆದರಿ ಏನೇನೋ ಹೇಳ್ತಾಳೆ ಅಂತೀರಿ. ಐದು ಅಂದ್ರೆ ಪರವಾಗಿಲ್ಲ ಅಂತ ಎದ್ದು ಹೋಗ್ತೀರಿ. ನಾನು ಅಳತೆ ನೋಡಿ ಹೇಳಿದ್ದು ಸಿಸ್ಟರ್. ಆರೂಕಾಲೇ."

ನರ್ಸ್ ಪೆನ್ನೆತ್ತಿ ಹಾಗೇ ಬರೆದುಕೊಂಡರು. "ನಿಮಗೆ ಏನಾಗಬೇಕು, ಅದನ್ನ ಹೇಳಿ."

ಅವಳು ಕಟ್ಟಳೆ ವಿವರಿಸಿದಳು. ಹೆರಿಗೆ ಕೋಣೆಯಲ್ಲಿ ತಾನು ಏನು ಹೇಳಿದರೂ ಒಬ್ಬರು ಅದೇ ಮಾತಿನಲ್ಲಿ ತಿರುಗಿ ಹೇಳಬೇಕು. 'ಸರಿ' ಅನ್ನಬಾರದು.

ನರ್ಸ್ ನಗುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ. "ನಾವೂ ಮದ್ದಿನ ಅಳತೆನ ಹಾಗೇ ಹೇಳ್ಕೋತೀವಿ. ಡಾಕ್ಟರ್ ಎಷ್ಟು ಅಂದ್ರೆ ನಾನು ಅಷ್ಟು ಅಂತ ಹೇಳಿ ಆಮೇಲೆ ಸೂಜಿ ಎತ್ತೋದು. ಆದ್ರೆ ತಾಯಿ ಹೇಳಿದ್ದನ್ನ ಹಾಗೆ ಹೇಳೋದು ಇಲ್ಲ." ಅದನ್ನೂ ಬರೆದುಕೊಂಡು, "ಇರ್ಬೇಕಿತ್ತು. ಆದ್ರೆ ಒಂದು ಮಾತು. ಕಳೆದ ಸಲದ ಹಾಗೆ ನಿಮ್ಮ ತುಟಿನೇ ಏಳದೇ ಇದ್ರೆ?"

ಲಿಫ್ಟಿನ ಮೇಲೆ ನಿಂತವಳು ಕೂಗದಿದ್ದರೆ ಎಲ್ಲವೂ ನಿಲ್ಲುತ್ತದೆ. ಹೆರಿಗೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಅವಳ ಲೆಕ್ಕದಲ್ಲಿ ಆ ತಪ್ಪು ಉಳಿದಿತ್ತು.

"ನಿಮ್ಮ ಪಕ್ಕದಲ್ಲಿ ಇನ್ನೊಂದು ಬಾಯಿ ಬೇಕು" ಎಂದರು ನರ್ಸ್. "ಯಜಮಾನ್ರು?"

"ಅವ್ನು ಬೆರಳು ಕುಯ್ಕೊಂಡ್ರೇ ನೆಲ ಹಿಡೀತಾನೆ" ಎಂದರು ಅತ್ತೆ. "ನಾನಿರ್ತೀನಿ. ನನ್ನ ಬಾಯಿ ಏನು ಬಾಡಿಗೆಗೆ ಹೋಗಿದ್ಯಾ?"

ಅಂದಿನಿಂದ ಮನೆಯಲ್ಲಿ ತಾಲೀಮು ನಡೆಯಿತು. ಅವಳು ಹಾಸಿಗೆಯಲ್ಲಿ ಒರಗಿ, "ಸೊಂಟ ಸೆಳೀತಿದೆ" ಅನ್ನುವಳು.

"ಸರಿ ಕಣೇ, ಎಣ್ಣೆ ಹಚ್ತೀನಿ."

"ಅತ್ತೆ."

"ಅಯ್ಯೋ, ಬಂದ್ಬಿಡುತ್ತಲ್ಲೇ ಅದು. ಸೊಂಟ ಸೆಳೀತಿದೆ."

"ಬಾಯಾರಿದೆ."

"ಈಗ ತಾನೇ ಕುಡಿದ್ಯಲ್ಲ."

ಮಗಳು ಅಜ್ಜಿಗಿಂತ ಬೇಗ ಕಲಿತಳು, ಮಗ ಮನೆಯವರೆಲ್ಲರ ಮಾತನ್ನೂ ತಿರುಗಿ ಹೇಳಿ ತಲೆ ತಿಂದ. ವಾರ ಕಳೆಯುವ ಹೊತ್ತಿಗೆ ಅತ್ತೆಯ ಬಾಯಿಯಿಂದ 'ಸರಿ' ಉದುರಿಹೋಯಿತು. ಒಂದು ಮಧ್ಯಾಹ್ನ ತಾಲೀಮು ಮುಗಿದರೂ ಅವರು ಏಳಲಿಲ್ಲ.

"ನಾಲ್ಕನೇದ್ರಲ್ಲಿ ನಂಗೂ ಹಾಗೇ ಹರೀತು" ಎಂದರು. "ಹೇಳಿದೆ. ಹೆತ್ತೋಳಿಗೆ ಇವೆಲ್ಲ ಇರೋದೇ ಅಂದ್ರು. ಉಳ್ಕೊಂಡೆ, ಅದು ಬೇರೆ ಮಾತು."

ಅವಳು ಒರಗಿದಲ್ಲಿಂದ ಎದ್ದು ಕೂತಳು. ನಂತರ ನಿಧಾನವಾಗಿ ಅಂದಳು: "ನಾಲ್ಕನೇದ್ರಲ್ಲಿ ನಿಮಗೂ ಹಾಗೇ ಹರೀತು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹೂಂ" ಎಂದರು.

ನೋವು ಬಂದದ್ದು ಭಾನುವಾರ ಮಧ್ಯಾಹ್ನ. ಅದೇ ನರ್ಸ್ ಇದ್ದರು, ರಕ್ತ ತರಿಸಿ ಇಟ್ಟಾಗಿತ್ತು. ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿ, ಅತ್ತು, ಒರೆಸಿಸಿಕೊಂಡು ಅವಳ ಎದೆಯ ಮೇಲೆ ಬಂತು. ಅತ್ತೆ ಮಗುವಿನ ಮೂಗು ಯಾರದೆಂದು ನೋಡಲು ಬಗ್ಗಿದರು.

"ಬಿಸಿಯಾಗಿ ಹರೀತಿದೆ" ಎಂದಳು ಅವಳು. ದನಿ ಗಂಟಲಿಂದ ಹೊರಗೆ ಬಂದಿತೋ ಇಲ್ಲವೋ ಅನ್ನುವಷ್ಟಿತ್ತು.

ಅತ್ತೆ ಮಗುವಿನ ಮೂಗನ್ನು ಅಲ್ಲೇ ಬಿಟ್ಟರು. ನೆಟ್ಟಗೆ ನಿಂತು, ಮೂರು ಬೀದಿಗೆ ಕೇಳುವ ಆ ದನಿಯಲ್ಲಿ ಹೇಳಿದರು: "ಬಿಸಿಯಾಗಿ ಹರೀತಿದೆ."

"ಬಿಸಿಯಾಗಿ ಹರೀತಿದೆ" ಎಂದು ನರ್ಸ್ ಹೇಳುವಾಗಲೇ ಅವರ ಒಂದು ಕೈ ಹೊಟ್ಟೆಯನ್ನು ಒತ್ತುತ್ತಿತ್ತು. ಡಾಕ್ಟರ್ ತಿರುಗಿದರು. ಅಳತೆ ಹೇಳಿದರು, ಅಳತೆ ತಿರುಗಿ ಬಂತು, ಸೂಜಿ ಏರಿತು. ಹೊಟ್ಟೆಯ ಮೇಲಿನ ಕೈ ನೋಯಿಸಿತು. ಅವಳು "ನೋಯ್ತಿದೆ" ಅಂದಳು, ಅತ್ತೆ ಕೋಣೆಗೆಲ್ಲ ಕೇಳುವ ಹಾಗೆ "ನೋಯ್ತಿದೆ" ಅಂದರು, ನರ್ಸ್ "ನೋಯ್ತಿದೆ, ಗೊತ್ತು, ಆದ್ರೂ ಒತ್ತಬೇಕು" ಅಂದರು. ಈ ಸಲ ಅವಳ ಕಣ್ಣು ಮುಚ್ಚಲಿಲ್ಲ. ಹರಿವು ಸಣ್ಣದಾಗಿ, ಆಮೇಲೆ ನಿಂತಿತು. ತರಿಸಿಟ್ಟ ರಕ್ತ ಬೇಕಾಗಲಿಲ್ಲ.

ಮರುದಿನ ನೋಡಲು ಬಂದವರೆಲ್ಲ ಒಂದೇ ಮಾತು ಅಂದರು: "ನೋಡಿದ್ಯಾ, ಸುಮ್ನೆ ಹೆದರ್ಕೊಂಡಿದ್ದೆ."

"ಸುಮ್ನೆ ಅಲ್ಲ" ಎಂದಳು ಅವಳು, ಪ್ರತಿಯೊಬ್ಬರಿಗೂ. ಮೀಸೆ ಮಾತ್ರ ಹಾಗೆ ಅನ್ನಲಿಲ್ಲ. ಮಗುವನ್ನು ನೋಡಿ, "ಒಬ್ಬರು ಇಳಿದ್ರು" ಎಂದರು.

ಸಂಜೆ ನರ್ಸ್ ರಕ್ತದೊತ್ತಡ ನೋಡಲು ಬಂದರು. ತೋಳಿನ ಪಟ್ಟಿ ಬಿಚ್ಚುತ್ತ, "ಎಲ್ಲ ಚೆನ್ನಾಗಾಯ್ತಲ್ಲ, ಅವತ್ತು ಭಯಕ್ಕೆ ಒಂದು ಅಂಕಿ ಹೇಳಿದ್ರಿ. ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತಾ ಈಗ?" ಎಂದು ಕೇಳಿದರು.

ಅವಳು ಮಗುವಿನ ತಲೆಯನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. "ಇಲ್ಲ ಸಿಸ್ಟರ್. ಎಷ್ಟು ಬೇಕಿತ್ತೋ ಅಷ್ಟೇ ಇತ್ತು."

"ಎಷ್ಟು ಅಂದಿದ್ರಿ?"

ಅವಳು ಬಾಯಿ ತೆರೆಯುವ ಮುಂಚೆ, ಮೂಲೆಯಲ್ಲಿ ಕೂತು ಚೀಲ ತುಂಬುತ್ತಿದ್ದ ಅತ್ತೆ ತಲೆಯೆತ್ತದೆ ಸೊಸೆಯ ಮಾತನ್ನು ತಿರುಗಿ ಹೇಳಿದರು.

"ಆರೂಕಾಲು."