ಬೂದಿ ಹಚ್ಚಿದ ಬದನೆ ಬೀಜ

ಹೋದ ತಿಂಗಳು ಬಾಣಲೆಯಲ್ಲಿ ಒಂದು ಹಿಡಿ ಬದನೆ ಬೀಜ ಹುರಿದೆ. ಆ ಘಾಟು ಅಡುಗೆಮನೆ ತುಂಬುತ್ತಿದ್ದಂತೆ, ಹರಿಹರದ ನಮ್ಮ ತವರಿನ ಪಕ್ಕದ ಮನೆಯ ಅಜ್ಜಿ ಎದುರಿಗೇ ಬಂದು ನಿಂತ ಹಾಗಾಯಿತು...

ಅಜ್ಜಿಯ ಹಿತ್ತಿಲಲ್ಲಿ ಹಸಿರು ಗೀರಿನ ಗುಂಡು ಬದನೆ ಬೆಳೆಯುತ್ತಿತ್ತು. ಅದರ ಎಣ್ಣೆಗಾಯಿ ತಿಂದವರು ಪೇಟೆಯ ಬದನೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಅದರ ಬೀಜವನ್ನು ಅವಳು ಯಾರಿಗೂ ಮಾರಿದವಳಲ್ಲ. ಓಣಿಯ ಹೆಣ್ಣುಮಕ್ಕಳು ಮದುವೆಯಾಗಿ ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಹುಳ ಹಿಡಿಯದಂತೆ ಬೂದಿ ಹಚ್ಚಿದ ಬೀಜದ ಸಣ್ಣ ಗಂಟೊಂದನ್ನು ಹಾಕುತ್ತಿದ್ದಳು. ನನಗೂ ಹಾಕಿದ್ದಳು. ದಾವಣಗೆರೆಯ ಗಂಡನ ಮನೆಯ ಹಿತ್ತಿಲಲ್ಲಿ ಅದನ್ನು ಬೆಳೆದೆ. ಒಂದು ಮಳೆಗಾಲ ನೀರು ನಿಂತು ಗಿಡಗಳೆಲ್ಲ ಕೊಳೆತವು. ಬೀಜಕ್ಕೆಂದು ಬಿಟ್ಟ ಕಾಯಿಯೂ ಉಳಿಯಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ಮೈದುನ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ. ಕಂಪನಿಯವರು ಜೀಪಿನಲ್ಲಿ ತಿರುಗಿ ನಾಟಿ ಬೀಜ ಕೇಳುತ್ತಿದ್ದರು. ಕೊಕ್ಕನೂರಿನಲ್ಲಿ ಕೇಳಿದರಂತೆ, ಲೋಕಿಕೆರೆಯಲ್ಲಿ ಕೇಳಿದರಂತೆ. ಒಯ್ದ ಬೀಜವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ನಮಗೇ ಪೊಟ್ಟಣ ಕಟ್ಟಿ ಮಾರುತ್ತಾರೆ ಎಂದು ಒಬ್ಬರು, ಆ ಪೊಟ್ಟಣದ ಬೀಜ ಮರುವರ್ಷ ಮೊಳೆಯುವುದೇ ಇಲ್ಲ ಎಂದು ಇನ್ನೊಬ್ಬರು. ನಿಜವೆಷ್ಟೋ ಸುಳ್ಳೆಷ್ಟೋ... ಅಜ್ಜಿ ಮಾತ್ರ ಎಲ್ಲವನ್ನೂ ನಂಬಿದ್ದಳು, ಮನುಷ್ಯರನ್ನು ಬಿಟ್ಟು.

ಒಬ್ಬ ಏಜೆಂಟ್ ಅವಳ ಬಾಗಿಲಿಗೂ ಬಂದು, ಪರೀಕ್ಷೆ ಮಾಡಲು ಒಂದು ಹಿಡಿ ಬೀಜ ಬೇಕೆಂದನಂತೆ. "ಪರೀಕ್ಷೆ ಯಾಕ? ಕೂಡ್ರಿ, ಉಂಡು ನೋಡ್ರಿ" ಎಂದು ಎಣ್ಣೆಗಾಯಿ ಬಡಿಸಿ ಕಳಿಸಿದಳಂತೆ.

ಅದಾದ ಮೇಲೆ ಬೀಜಕ್ಕೆಂದು ನಾನು ಹೋದೆ. ಕೈಯಲ್ಲಿ ಮೈದುನನ ಅಂಗಡಿಯ ಚೀಲ, ಅದರ ಮೇಲೆ ಕಂಪನಿಯ ದಪ್ಪ ಟೊಮೆಟೊ ಚಿತ್ರ. ಅಜ್ಜಿ ನನ್ನ ಮುಖಕ್ಕಿಂತ ಆ ಚೀಲವನ್ನೇ ಹೆಚ್ಚು ನೋಡಿದಳು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಏನೋ ಹುರಿಯುವ ವಾಸನೆ ಬಂತು. ನನಗೆಂದು ಶೇಂಗಾ ಹುರಿಯುತ್ತಿದ್ದಾಳೆ ಅಂದುಕೊಂಡೆ. ಬೂದಿ ಹಚ್ಚಿದ ಬೀಜದ ಗಂಟನ್ನು ಉಡಿಗೆ ಹಾಕಿ, "ಸಸಿ ಬರ್ಲಿಲ್ಲಂದ್ರ ನೀನ ಬಾ. ಇನ್ನೊಬ್ರನ್ನ ಕಳಿಸಬ್ಯಾಡ" ಎಂದಳು.

ಒಂದೂ ಮೊಳೆಯಲಿಲ್ಲ. ಮಣ್ಣಿನ ದೋಷವೇನೋ ಎಂದುಕೊಂಡಿದ್ದೆ. ಒಂದು ಸಂಜೆ ಮೈದುನ ಅಂಗಡಿಯಿಂದ ಬಂದವನೇ ರೇಗಿದ: "ಆ ಮುದುಕಿ ಬೀಜ ಹುರಿದು ಕೊಟ್ಟಾಳ! ಕಂಪನಿಯವ್ರ ಮುಂದ ನನ್ನ ಮಾನ ಹೋತು." ನನ್ನ ಗಂಟಿನಿಂದ ಅರ್ಧ ಬೀಜ ಎತ್ತಿ ಅವನು ಏಜೆಂಟನಿಗೆ ಕೊಟ್ಟಿದ್ದ ಸಂಗತಿ ನನಗೆ ತಿಳಿದದ್ದೇ ಆಗ.

ಅವನ ಮೇಲೆ ಸಿಟ್ಟು ಬಂತು. ಅಜ್ಜಿಯ ಮೇಲೆ ಇನ್ನೂ ಹೆಚ್ಚು. ಅವಳ ಕಣ್ಣೆದುರೇ ಬೆಳೆದವಳು ನಾನು! ಜಗಳ ಮಾಡಲೆಂದೇ ಹರಿಹರದ ಬಸ್ಸು ಹತ್ತಿದೆ.

"ನಾನೂ ಕಳ್ಳಿ ಏನು ನಿನಗ?" ಎಂದು ಬಾಗಿಲಲ್ಲೇ ಕೇಳಿದೆ.

ಅಜ್ಜಿ ನಕ್ಕಳು. "ಮಾರಾಕ ಒಯ್ದೋರು ಮತ್ತ ಈ ಮುದುಕಿ ಮುಖ ನೋಡಾಕ ಬರಂಗಿಲ್ಲ. ಹಿತ್ತಿಲದಾಗ ಹಾಕಾಕಿ ಬೈಯಾಕಾದ್ರೂ ಬರ್ತಾಳ" ಎಂದು ಸೆರಗಿನ ತುದಿ ಬಿಚ್ಚಿದಳು. ಒಳ್ಳೆಯ ಬೀಜ ಅಲ್ಲಿತ್ತು. ಅಷ್ಟು ದಿನವೂ ಅದನ್ನು ಕಟ್ಟಿಕೊಂಡೇ ಓಡಾಡಿದ್ದಳು.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಅವಳ ಹಿತ್ತಿಲಲ್ಲಿ ಈಗ ಮನೆ ಎದ್ದಿದೆ. ಆ ಬದನೆ ಬೇರೆಲ್ಲಾದರೂ ಇದೆಯೋ ಇಲ್ಲವೋ ತಿಳಿಯದು, ನನ್ನಲ್ಲಿದೆ. ಹೋದ ತಿಂಗಳು ಎದುರುಮನೆಯ ಹೊಸ ಸೊಸೆ ಬಂದು ಬೀಜ ಕೇಳಿದಳು. ಗಂಡ ಬೀಜದ ಕಂಪನಿಯಲ್ಲಿದ್ದಾನೆಂದು ಮಾತಿನ ನಡುವೆ ಹೇಳಿದಳು. ಒಳಗೆ ಹೋಗಿ ಒಲೆಯ ಮೇಲೆ ಬಾಣಲೆ ಇಟ್ಟೆ. ಕೊಡುವಾಗ, ಸಸಿ ಬರದಿದ್ದರೆ ನೀನೇ ಬಾ ಎಂದೆ.

ಒಳ್ಳೆಯ ಬೀಜ ಅಂದಿನಿಂದ ನನ್ನ ಸೆರಗಿನಲ್ಲೇ ಇದೆ. ಗೇಟಿನ ಸದ್ದಾದರೆ ಎದ್ದು ನೋಡುತ್ತೇನೆ. ಹುಡುಗಿ ಇನ್ನೂ ಬಂದಿಲ್ಲ. ಆಗ ನಾನು ಸಿಟ್ಟು ನುಂಗಿ ಮನೆಯಲ್ಲೇ ಕೂತುಬಿಟ್ಟಿದ್ದರೆ ಅಜ್ಜಿ ಏನು ಮಾಡುತ್ತಿದ್ದಳು... ಕೇಳೋಣವೆಂದರೆ ಅವಳಿಲ್ಲ.