ಮೇಲಕ್ಕೇ ಹೋಗುವ ನೀಲಿ ಗೆರೆ

ನಮ್ಮ ಮನೆಯ ನೀರು ಬಾವಿಯದ್ದಲ್ಲ, ಸುರಂಗದ್ದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಮಾಟೆಯಿಂದ ಅದು ತಾನಾಗಿ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ಕುಂಬ್ಡಾಜೆ ಕಡೆ ಸುರಂಗವನ್ನು ಕೋಲಿನಲ್ಲಿ ಅಳೆಯುತ್ತಾರೆ; ಎಷ್ಟು ಹೆಚ್ಚು ಕೋಲು ಒಳಗೆ ಹೋದರೆ ಅಷ್ಟು ಹೆಚ್ಚು ನೀರು. ನೀರಿನ ವಿಷಯದಲ್ಲಿ ದೊಡ್ಡ ಸಂಖ್ಯೆಯೆಂದರೆ ಶುಭ ಎಂಬ ನಂಬಿಕೆ ನಮಗೆ ರಕ್ತಗತ.

ಅದೇ ಗುಡ್ಡದ ನೆತ್ತಿಯಲ್ಲಿ ರಬ್ಬರ್ ಕಡಿದು ಅಡಿಕೆ ಇಟ್ಟ ನೆರೆಯವರು ಬೋರ್‌ವೆಲ್ ತೆಗೆಸಲು ಹೊರಟರು. ತೆಗೆಸಿದರೆ ನಮ್ಮ ಸುರಂಗ ಒಣಗುವುದು ಖಂಡಿತ. ನಾನು ಆಕ್ಷೇಪಿಸಿದೆ, ವಿಷಯ ಗ್ರಾಮಸಭೆಗೆ ಬಂತು. ನಮ್ಮದು ಗಡಿನಾಡಾದ್ದರಿಂದ ಮಲಯಾಳದಲ್ಲಿ ನಡೆಯುವ ಆ ಸಭೆಯನ್ನು ಕನ್ನಡದಲ್ಲಿ ಒಪ್ಪಿಸುವ ಘನಕಾರ್ಯ, ನಿವೃತ್ತ ಗಣಿತ ಮಾಷ್ಟ್ರೆಂಬ ಕಾರಣಕ್ಕೆ, ಮೊದಲಿನಿಂದಲೂ ನನ್ನದೇ.

ನೆರೆಯವರು ಒಂದು ಚಾರ್ಟು ತಂದು ಗೋಡೆಗೆ ತೂಗುಹಾಕಿದರು. ಅಂಗನವಾಡಿಯ ಬಾವಿಯ ನೀರಿನ ಲೆಕ್ಕವಂತೆ. ನೀಲಿ ಗೆರೆಯೊಂದು ವರ್ಷದಿಂದ ವರ್ಷಕ್ಕೆ ಗುಡ್ಡ ಹತ್ತಿದಂತೆ ಏರಿತ್ತು. ಸಭೆ ಚಪ್ಪಾಳೆ ತಟ್ಟಿತು. ಬದಿಯಲ್ಲಿ ಇರುವೆ ಸಾಲಿನಂತಿದ್ದ ಮಲಯಾಳ ಅಕ್ಷರಗಳನ್ನು ನಾನು ಓದಿದೆ: ‘ನೆಲದಿಂದ ನೀರಿಗಿರುವ ಆಳ’. ಅಂದರೆ, ಗೆರೆ ಏರಿದಷ್ಟೂ ನೀರು ಪಾತಾಳಕ್ಕೆ.

ಅದನ್ನು ಗಂಟಲು ಹರಿಯುವಂತೆ ಕನ್ನಡದಲ್ಲಿ ಹೇಳಿದೆ.

“ಎಂತ ಮಾಷ್ಟ್ರೇ,” ಎಂದಳು ಮುಂದಿನ ಬೆಂಚಿನ ಅಜ್ಜಿ, “ಗೆರೆ ಮೇಲೆ ಹೋದರೆ ನೀರು ಕೆಳಗೆ ಹೋಗುದುಂಟಾ?”

“ಅವರಿಗೆ ಸುರಂಗದ ಚಿಂತೆ ಅಜ್ಜೀ,” ಎಂದು ವಾರ್ಡ್ ಮೆಂಬರ್ ನಕ್ಕರು. “ಲೆಕ್ಕ ಎಲ್ಲ ಹಾಗೇ ಕಾಣುದು.”

ನೆರೆಯವರು ಮಾತ್ರ ಬಹಳ ವಿನಯದಿಂದ, “ನಿಮಗೆ ಉಲ್ಟಾ ಕಾಣುದಾದರೆ ಉಲ್ಟಾ ಹಿಡಿದೇ ತೋರಿಸಿ ಮಾರಾಯ್ರೇ,” ಎಂದರು.

ರೋಷದಲ್ಲಿ ಚಾರ್ಟನ್ನು ಮೊಳೆಯಿಂದ ತೆಗೆದು ತಲೆಕೆಳಗಾಗಿ ಎತ್ತಿ ಹಿಡಿದೆ. ಎಡದಿಂದ ಬಲಕ್ಕೆ ಏರುವ ಗೆರೆಯನ್ನು ಬುಡಮೇಲು ಮಾಡಿದರೂ ಅದು ಎಡದಿಂದ ಬಲಕ್ಕೆ ಏರಿಯೇ ಇರುತ್ತದೆಂಬ ಪರಮಸತ್ಯ, ಆಯುಷ್ಯವಿಡೀ ಗ್ರಾಫು ಕಲಿಸಿದವನಿಗೆ ಅಂದು ಮಹಾಜನರ ಸಮಕ್ಷಮದಲ್ಲಿ ಸಾಕ್ಷಾತ್ಕಾರವಾಯಿತು.

“ಹೇಗೆ ಹಿಡಿದರೂ ಏರುದೇ!” ಎಂದು ಅಜ್ಜಿ ಬೋರಿನ ಪರ ಕೈ ಎತ್ತಿದಳು. ಉಳಿದ ಕೈಗಳೂ ಎದ್ದವು. ತೀರ್ಮಾನವನ್ನು ಕನ್ನಡದಲ್ಲಿ ಘೋಷಿಸುವ ಭಾಗ್ಯವೂ ನನಗೇ ದೊರೆಯಿತು.

ಮರುಬೇಸಿಗೆಗೆ ಸುರಂಗದ ನೀರು ನೂಲಿನಷ್ಟಾಯಿತು, ಆಮೇಲೆ ಅದೂ ಇಲ್ಲ. ನೆರೆಯವರು ದೊಡ್ಡ ಮನಸ್ಸು ಮಾಡಿ ತಮ್ಮ ಬೋರಿನಿಂದ ನಮ್ಮ ತೊಟ್ಟಿಗೆ ಪೈಪು ಎಳೆದುಕೊಟ್ಟರು. ತೋಟಕ್ಕೆ ಬಿಟ್ಟು ಮಿಕ್ಕಾಗ ವಾಲ್ವ್ ತಿರುಗಿಸುತ್ತಾರೆ. ಅದು ಯಾವಾಗ ಎಂದು ಕೇಳುವುದು ಮರ್ಯಾದೆಯಲ್ಲ. ಹಾಗಾಗಿ ನಾನು, ಹೆಂಡತಿ ಇಬ್ಬರಲ್ಲಿ ಒಬ್ಬರು ಸದಾ ಮನೆಯಲ್ಲೇ ಕೂತು ಪೈಪಿನ ಬಾಯಿಗೆ ಕಿವಿಗೊಟ್ಟಿರಬೇಕು. ಮದುವೆಗಾದರೆ ಅವಳು ಹೋಗುವುದು, ಸತ್ತವರ ಬೊಜ್ಜದ ಊಟಕ್ಕಾದರೆ ನಾನು.

ಅಪರೂಪಕ್ಕೆ ಇಬ್ಬರೂ ಒಟ್ಟಿಗೆ ಹೋದದ್ದು ಇನ್ನೊಂದು ಗ್ರಾಮಸಭೆಗೆ. ನೆರೆಯವರು ಎರಡನೆಯ ಬೋರಿಗೆ ಒಪ್ಪಿಗೆ ಕೇಳಿದರು. ಸುತ್ತಲೂ ಕೈಗಳು ಎದ್ದವು. ನಾನು ಗೋಡೆಯ ಮೇಲಿನ ಅದೇ ಚಾರ್ಟನ್ನು ನೋಡುತ್ತ ಕೂತಿದ್ದೆ. ಹೆಂಡತಿ ಮೆಲ್ಲಗೆ ನನ್ನ ಮೊಣಕೈ ಹಿಡಿದು ಮೇಲಕ್ಕೆತ್ತಿದಳು.